ಹೈಬ್ರಿಡ್ ಅಡಿಕೆಯ ಬೀಜದಿಂದ ತಾಯಿಯಂಥ ಮರ ಏಕೆ ಬರುವುದಿಲ್ಲ? ಮಿಯಾಸಿಸ್ ನಿಜಕ್ಕೂ ಯಾವ ಕೋಶಗಳಲ್ಲಿ ನಡೆಯುತ್ತದೆ?

ಹೊಸನಗರದ ತೋಟಿಗ:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಒಂದು ಮಗ್ಗುಲಿಗೆ ಹೈಬ್ರಿಡ್ ಗಿಡ್ಡ ಅಡಿಕೆ ಹಾಕಿದ್ದೆವು. ಮರಗಳೆಲ್ಲ ಒಂದೇ ಅಳತೆಯಲ್ಲಿವೆ, ಫಸಲೂ ಚೆನ್ನಾಗಿದೆ, ಕೊನೆ ಇಳಿಸುವವರಿಗೂ ಔಷಧಿ ಹೊಡೆಯುವವರಿಗೂ ಅನುಕೂಲ. ಅದೇ ಮರಗಳ ಹಣ್ಣಡಿಕೆ ಆರಿಸಿ ಮಡಿಯಲ್ಲಿ ಹಾಕಿ ಸಸಿ ಎಬ್ಬಿಸಿದೆವು. ಸಸಿಗಳು ದೊಡ್ಡದಾದಂತೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಕೆಲವು ಗಿಡ್ಡ, ಕೆಲವು ಸರಸರನೆ ಮೇಲೇಳುತ್ತಿವೆ, ಇನ್ನು ಕೆಲವು ಯಾವುದಕ್ಕೂ ಸೇರದಂತಿವೆ. ಗೊಬ್ಬರ, ನೀರು, ನೆರಳು ಎಲ್ಲಕ್ಕೂ ಒಂದೇ.

ಪಿಯುಸಿ ಓದುತ್ತಿರುವ ಮಗಳನ್ನು ಕೇಳಿದರೆ, "ಅಪ್ಪಾ, ಇದಕ್ಕೆ ಕಾರಣ ಮಿಯಾಸಿಸ್, ಅಂದರೆ ಗುಣಗಳನ್ನು ಹೊತ್ತ ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಕೋಶವಿಭಜನೆ" ಎಂದಳು. ಅದು ಎಲ್ಲಿ ನಡೆಯುತ್ತದೆ ಎಂದು ಕೇಳಿದೆ. "ಸಂತಾನೋತ್ಪತ್ತಿ ಅಂಗಗಳಲ್ಲಿ" ಎಂದಳು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ಹೂವಿನ ಎಲ್ಲ ಕೋಶಗಳಲ್ಲೂ ನಡೆಯುತ್ತದೆಯೇ? ಬೇರಿನಲ್ಲಿ, ಸೋಗೆಯಲ್ಲಿ ಏಕಿಲ್ಲ? ಮತ್ತು ಅದರಿಂದ ಸಸಿ ಹೀಗೆ ಬೇರೆಬೇರೆಯಾಗುವುದು ಹೇಗೆ? ತಿಳಿದವರು ವಿವರವಾಗಿ ಹೇಳಬೇಕು.

ತೀರ್ಥಹಳ್ಳಿ ನರ್ಸರಿ:

ಹೈಬ್ರಿಡ್ ಮರದ ಬೀಜ ಹಾಕಲೇಬಾರದು ಅಣ್ಣ. ಕೆಲವು ಕಡೆ ಅಂಥ ಬೀಜದ ಸಸಿಗಳನ್ನೇ ಹೈಬ್ರಿಡ್ ಎಂದು ಹೇಳಿ ಮಾರುತ್ತಾರೆ. ನಮ್ಮ ನೆರೆಯವರೊಬ್ಬರು ಹಾಗೆ ತಂದು ನೆಟ್ಟು ವರ್ಷಗಟ್ಟಲೆ ನೀರು ಹೊಯ್ದರು. ಈಗ ಆ ತೋಟ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾರಣವನ್ನು ಓದಿದವರು ಹೇಳಲಿ.

ಸಾಗರದ ಜೀವಶಾಸ್ತ್ರ ಉಪನ್ಯಾಸಕಿ:

ತೋಟಿಗರೇ, ನಿಮ್ಮ ಮಗಳು ಹೇಳಿದ್ದು ಸರಿ, ನೀವು ಅಷ್ಟಕ್ಕೆ ಬಿಡದೆ ಕೇಳಿದ್ದು ಇನ್ನೂ ಸರಿ. "ಸಂತಾನೋತ್ಪತ್ತಿ ಅಂಗಗಳಲ್ಲಿ" ಎಂಬ ಉತ್ತರ ಊರಿನ ಹೆಸರು ಹೇಳಿ ಮನೆ ತೋರಿಸದೆ ಬಿಟ್ಟಂತೆ.

ಅಡಿಕೆ ಮರದ ಒಂದೊಂದು ಸಾಮಾನ್ಯ ಕೋಶದಲ್ಲೂ 32 ವರ್ಣತಂತುಗಳಿವೆ. ಇವು 16 ಜೊತೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯ ಕಡೆಯದು, ಇನ್ನೊಂದು ತಂದೆಯ ಕಡೆಯದು. ಬೇರು, ಕಾಂಡ, ಸೋಗೆ, ಹಾಳೆ ಎಲ್ಲವೂ ಬೆಳೆಯುವುದು ಮೈಟಾಸಿಸ್ ಎಂಬ ವಿಭಜನೆಯಿಂದ. ಒಂದು ಕೋಶ ಎರಡಾಗುತ್ತದೆ, ಎರಡರಲ್ಲೂ ಅದೇ 32. ಹೂವಿನ ದಳ, ತೊಟ್ಟು, ಹಿಂಗಾರದ ಕಡ್ಡಿಗಳಲ್ಲೂ ಇದೇ ಕ್ರಮ. ಹೂವಿನಲ್ಲಿದ್ದ ಮಾತ್ರಕ್ಕೆ ಯಾವ ಕೋಶಕ್ಕೂ ಮಿಯಾಸಿಸ್ ಬರುವುದಿಲ್ಲ.

ಹಿಂಗಾರದ ಗಂಡು ಹೂವಿನಲ್ಲಿ ಪರಾಗಕೋಶದ ಒಳಭಾಗದಲ್ಲಿ ಒಂದು ಗುಂಪು ಜೀವಕೋಶಗಳು ಉಳಿದವುಗಳಿಂದ ಬೇರೆಯಾಗಿ ಬೆಳೆಯುತ್ತವೆ. ಇವು ಪರಾಗ ಮಾತೃಕೋಶಗಳು. ಮಿಯಾಸಿಸ್ ನಡೆಯುವುದು ಇವುಗಳಲ್ಲಿ ಮಾತ್ರ. ಸುತ್ತಲಿನ ಗೋಡೆಯ ಕೋಶಗಳು ಇವಕ್ಕೆ ಪೋಷಣೆ ಕೊಡುತ್ತವೆ. ತಾವು ಮಿಯಾಸಿಸ್‌ಗೆ ಇಳಿಯುವುದಿಲ್ಲ. ಹೆಣ್ಣು ಹೂವಿನಲ್ಲಂತೂ ಅವಕಾಶ ಇನ್ನೂ ಕಿರಿದು. ಬಹುತೇಕ ಹೂಗಿಡಗಳಲ್ಲಿ ಒಂದು ಅಂಡಕಕ್ಕೆ, ಅಂದರೆ ಮುಂದೆ ಬೀಜವಾಗುವ ಭಾಗಕ್ಕೆ, ಒಂದೇ ಮಾತೃಕೋಶ. ಅದರಿಂದ ನಾಲ್ಕು ಕೋಶಗಳಾದರೂ ಸಾಮಾನ್ಯವಾಗಿ ಮೂರು ನಶಿಸಿ ಒಂದು ಮಾತ್ರ ಮುಂದುವರಿಯುತ್ತದೆ.

ಮಾತೃಕೋಶದಲ್ಲಿ ವರ್ಣತಂತುಗಳು ಒಮ್ಮೆ ನಕಲಾಗುತ್ತವೆ, ಆದರೆ ಕೋಶ ಎರಡು ಬಾರಿ ಒಡೆಯುತ್ತದೆ. ಮೊದಲ ವಿಭಜನೆಗೆ ಮುನ್ನ ಪ್ರತಿ ವರ್ಣತಂತು ತನ್ನ ಜೊತೆಯದನ್ನು ಹುಡುಕಿ ಉದ್ದಕ್ಕೂ ಅಂಟಿ ನಿಲ್ಲುತ್ತದೆ. ಹೀಗೆ ನಿಂತಾಗ ತಾಯಿಯ ಕಡೆಯದೂ ತಂದೆಯ ಕಡೆಯದೂ ಅಲ್ಲಲ್ಲಿ ತುಂಡಾಗಿ, ತುಂಡುಗಳು ಅದಲುಬದಲಾಗಿ ಬೆಸೆದುಕೊಳ್ಳುತ್ತವೆ. ಆಮೇಲೆ ಜೊತೆಗಳು ಬೇರ್ಪಡುತ್ತವೆ. ಎರಡನೆಯ ವಿಭಜನೆಯಲ್ಲಿ ನಕಲುಗಳು ಬೇರೆಯಾಗುತ್ತವೆ. ಕೊನೆಗೆ ನಾಲ್ಕು ಕೋಶಗಳು, ಪ್ರತಿಯೊಂದರಲ್ಲೂ 16 ವರ್ಣತಂತುಗಳು.

ಒಂದು ಜೊತೆಯಲ್ಲಿ ಯಾವುದು ಯಾವ ಕಡೆಗೆ ಹೋಗಬೇಕು ಎಂಬುದಕ್ಕೂ ಇನ್ನೊಂದು ಜೊತೆಗೂ ಸಂಬಂಧವಿಲ್ಲ. 16 ಜೊತೆಗಳು ಹೀಗೆ ಸ್ವತಂತ್ರವಾಗಿ ಬೇರ್ಪಟ್ಟರೆ ಆಗಬಹುದಾದ ಜೋಡಣೆಗಳು 65,536. ಇದು ಒಂದು ಮರದ ಪರಾಗದ ಕಡೆಯ ಲೆಕ್ಕ ಮಾತ್ರ, ಅಂಡಾಣುವಿನ ಕಡೆಯಲ್ಲೂ ಅಷ್ಟೇ ಇದೆ. ತುಂಡುಗಳ ಅದಲುಬದಲು ಸೇರಿದರೆ ಎಣಿಕೆಗೆ ಸಿಗುವುದಿಲ್ಲ.

ಈಗ ನಿಮ್ಮ ತೋಟಕ್ಕೆ ಬರೋಣ. ವಿಟ್ಲದ ಸಂಶೋಧನಾ ಕೇಂದ್ರದ ಗಿಡ್ಡ ಹೈಬ್ರಿಡ್‌ಗಳಿಗೆ ಒಂದು ಕಡೆ ಹಿರೇಹಳ್ಳಿ ಗಿಡ್ಡ ತಳಿ, ಇನ್ನೊಂದು ಕಡೆ ಸುಮಂಗಳ ಅಥವಾ ಮೋಹಿತ್‌ನಗರ. ಪ್ರತಿ ಹೈಬ್ರಿಡ್ ಮರಕ್ಕೂ ಹಿರೇಹಳ್ಳಿಯ 16, ಎತ್ತರ ತಳಿಯ 16 ಬಂದಿರುವುದರಿಂದ ಮೊದಲ ತಲೆಮಾರಿನಲ್ಲಿ ಮರಗಳು ಹೆಚ್ಚು ಕಡಿಮೆ ಒಂದೇ ತರಹ ಕಾಣುತ್ತವೆ. ಆ ಮರ ತಾನೇ ಹೂ ಬಿಟ್ಟಾಗ ಅದರ ಮಾತೃಕೋಶಗಳಲ್ಲಿ ಎರಡೂ ಕಡೆಯವು ಬೆರೆತು ಹೊಸದಾಗಿ ಹಂಚಿಹೋಗುತ್ತವೆ. ಸಾಲದ್ದಕ್ಕೆ ಅಡಿಕೆಯಲ್ಲಿ ಒಂದು ಹಿಂಗಾರದ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂವಿನ ಸರದಿ ಅನಂತರ. ಹಾಗಾಗಿ ಪಕ್ಕದ ನಾಟಿ ಮರದ ಪರಾಗ ಗಾಳಿಯಲ್ಲಿ ಬಂದು ಕೂಡುವುದೇ ಹೆಚ್ಚು. ನಿಮ್ಮ ಮಡಿಯಲ್ಲಿ ಕಂಡ ವೈವಿಧ್ಯ ಗೊಬ್ಬರದ ದೋಷವಲ್ಲ, ಸಸಿ ಎಬ್ಬಿಸಿದವರ ದೋಷವೂ ಅಲ್ಲ.

ಭದ್ರಾವತಿ ದ್ವಿತೀಯ ಪಿಯುಸಿ:

ಮೇಡಂ, ನಮ್ಮ ತರಗತಿಯಲ್ಲಿ ಅರ್ಧ ಜನ "ಲಿಂಗಾಣುಗಳು (ಅಂಡಾಣು, ವೀರ್ಯಾಣು) ಮಿಯಾಸಿಸ್‌ಗೆ ಒಳಗಾಗುತ್ತವೆ" ಎಂದು ಬರೆಯುತ್ತಾರೆ. ಇದು ಸರಿಯೇ? ಇನ್ನೊಂದು, ವರ್ಣತಂತು ಅರ್ಧವಾಗದಿದ್ದರೆ ಏನಾಗುತ್ತಿತ್ತು?

ಸಾಗರದ ಜೀವಶಾಸ್ತ್ರ ಉಪನ್ಯಾಸಕಿ:

ಸರಿಯಲ್ಲ. ಲಿಂಗಾಣು ಮಿಯಾಸಿಸ್ ಮುಗಿದ ಮೇಲಿನ ಫಲ. ಅದರಲ್ಲಿ ಆಗಲೇ ಒಂದೇ ಗುಂಪು ವರ್ಣತಂತುಗಳಿರುವುದರಿಂದ ಜೊತೆಗೂಡಲು ಇನ್ನೊಂದು ಇಲ್ಲ, ಮತ್ತೆ ಅರ್ಧವಾಗುವ ಪ್ರಶ್ನೆಯೇ ಇಲ್ಲ. ಮಿಯಾಸಿಸ್‌ಗೆ ಇಳಿಯುವ ಕೋಶ ದ್ವಿಗುಣಿತವಾಗಿರಬೇಕು, ಅಂದರೆ ಅದರಲ್ಲಿ ಎರಡು ಗುಂಪು ವರ್ಣತಂತುಗಳಿರಬೇಕು; ಒಂದೇ ಗುಂಪಿದ್ದರೆ ಅದು ಏಕಗುಣಿತ. ಮನುಷ್ಯನ ವೃಷಣದಲ್ಲಿ ಸ್ಪರ್ಮಟೊಗೋನಿಯ ಕೋಶಗಳು ಮೈಟಾಸಿಸ್‌ನಿಂದ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ; ಅವುಗಳಲ್ಲಿ ಕೆಲವು ಬೆಳೆದು ಪ್ರಾಥಮಿಕ ಸ್ಪರ್ಮಟೊಸೈಟ್ ಆಗುತ್ತವೆ; ಮಿಯಾಸಿಸ್ ಆರಂಭವಾಗುವುದು ಅಲ್ಲಿಂದ. ಅಂಡಾಶಯದಲ್ಲಿ ಪ್ರಾಥಮಿಕ ಊಸೈಟ್. ವೃಷಣದ ಸರ್ಟೋಲಿ ಕೋಶಗಳಾಗಲಿ ಲೇಡಿಗ್ ಕೋಶಗಳಾಗಲಿ ಅದೇ ಅಂಗದಲ್ಲಿದ್ದೂ ಮಿಯಾಸಿಸ್‌ಗೆ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಕೋಶದ ಹೆಸರನ್ನೇ ಬರೆಯಿರಿ.

ಸಸ್ಯಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮಿಯಾಸಿಸ್‌ನಿಂದ ನೇರವಾಗಿ ಬರುವುದು ಲಿಂಗಾಣು ಅಲ್ಲ, ಬೀಜಕ, ಅಂದರೆ ಇನ್ನೊಂದರೊಡನೆ ಕೂಡದೆ ತಾನೇ ಒಡೆದು ಬೆಳೆಯುವ ಕೋಶ. ಪರಾಗದ ಕಣವಾಗುವ ಆ ಏಕಗುಣಿತ ಕೋಶ ಮುಂದೆ ಮೈಟಾಸಿಸ್‌ನಿಂದ ಒಡೆದ ಮೇಲೆಯೇ ಗಂಡು ಲಿಂಗಾಣು ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ಅಂಗಳದ ಪಾಗಾರದ ಮೇಲೆ ಬೆಳೆಯುವ ಜರೀಗಿಡದ ಎಲೆಯನ್ನು ಮಗುಚಿ ನೋಡಿ. ಕಂದು ಚುಕ್ಕೆಗಳಿವೆಯಲ್ಲ, ಅವುಗಳೊಳಗಿನ ಬೀಜಕ ಮಾತೃಕೋಶಗಳಲ್ಲಿ ಮಿಯಾಸಿಸ್ ನಡೆಯುತ್ತದೆ. ಬೀಜಕ ನೆಲಕ್ಕೆ ಬಿದ್ದು ಉಗುರಿಗಿಂತ ಚಿಕ್ಕ ಹಸಿರು ಹಾಳೆಯಾಗಿ ಬೆಳೆಯುತ್ತದೆ. ಅಂಡಾಣು, ವೀರ್ಯಾಣು ಹುಟ್ಟುವುದು ಅದರಲ್ಲಿ, ಅದೂ ಮೈಟಾಸಿಸ್‌ನಿಂದ. ಅಣಬೆಯಲ್ಲಿ ಇನ್ನೊಂದು ಬಗೆ: ಕೊಡೆಯ ಅಡಿಯ ಪದರಗಳಲ್ಲಿನ ವಿಶೇಷ ಕೋಶಗಳಲ್ಲಿ ಎರಡು ನ್ಯೂಕ್ಲಿಯಸ್‌ಗಳು ಕೂಡುತ್ತವೆ, ಕೂಡಿದೊಡನೆ ಮಿಯಾಸಿಸ್ ನಡೆದು ಸಾಮಾನ್ಯವಾಗಿ ನಾಲ್ಕು ಬೀಜಕಗಳು ಹೊರಬರುತ್ತವೆ.

ಅರ್ಧವಾಗದಿದ್ದರೆ? ಅಡಿಕೆಯಲ್ಲಿ 32 ಮತ್ತು 32 ಸೇರಿ 64, ಮುಂದಿನ ತಲೆಮಾರಿಗೆ 128, ಹೀಗೆ ಬೆಳೆಯುತ್ತಲೇ ಹೋಗುತ್ತಿತ್ತು. 1883ರಲ್ಲಿ ಬೆಲ್ಜಿಯಂನ ವಾನ್ ಬೆನೆಡೆನ್ ಅವರು ಕುದುರೆಯ ಕರುಳಿನ ದುಂಡು ಹುಳುವಿನಲ್ಲಿ ಅಂಡಾಣುವೂ ವೀರ್ಯಾಣುವೂ ಸಮಸಂಖ್ಯೆಯ ವರ್ಣತಂತುಗಳನ್ನು ತರುವುದನ್ನು ಕಂಡರು. 1887ರಲ್ಲಿ ಜರ್ಮನಿಯ ವೈಸ್‌ಮನ್ ಅವರು, ಲಿಂಗಾಣು ಆಗುವ ಮುನ್ನ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ವಿಭಜನೆಯೊಂದು ಇರಲೇಬೇಕು ಎಂದು ತರ್ಕದಿಂದ ಹೇಳಿದರು. ಪೂರ್ತಿ ವಿವರ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗುವ ಮೊದಲೇ ಹೀಗೆ ಹೇಳಿದ ಅವರ ಬಗ್ಗೆ ನನಗೆ ಅಪಾರ ಗೌರವ.

ಕೊಪ್ಪದ ಜೇನು ಸಾಕಣೆದಾರ:

ಉಪನ್ಯಾಸಕಿಯವರ ಮಾತಿಗೆ ನಮ್ಮ ಪೆಟ್ಟಿಗೆಯಿಂದ ಒಂದು ಸೇರ್ಪಡೆ. ಎಲ್ಲ ಗಂಡುಗಳಲ್ಲೂ ವೀರ್ಯಾಣು ಮಿಯಾಸಿಸ್‌ನಿಂದಲೇ ಆಗಬೇಕು ಎಂದು ತಿಳಿಯಬೇಡಿ. ತುಡುವೆ ಜೇನಿನಲ್ಲಿ ರಾಣಿಗೂ ಕೆಲಸಗಾರ ನೊಣಕ್ಕೂ 32 ವರ್ಣತಂತುಗಳು, ಗಂಡು ನೊಣಕ್ಕೆ ಬರೀ 16. ರಾಣಿ ವೀರ್ಯಾಣು ಸೇರಿಸದೆ ಇಟ್ಟ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಅದಕ್ಕೆ ತಾಯಿ ಇದ್ದಾಳೆ, ತಂದೆ ಇಲ್ಲ. ತಾಯಿಯ ತಂದೆ ಮಾತ್ರ ಇದ್ದಾನೆ. ಹುಟ್ಟುವಾಗಲೇ ಅರ್ಧ ಇರುವುದರಿಂದ ಅದರ ದೇಹದಲ್ಲಿ ಸಂಖ್ಯೆ ಇಳಿಸುವ ವಿಭಜನೆ ನಡೆಯುವುದಿಲ್ಲ. ಹೀಗಾಗಿ ಒಂದು ಗಂಡಿನ ವೀರ್ಯಾಣುಗಳೆಲ್ಲ ಒಂದೇ ಗುಣದವು. ಮಿಯಾಸಿಸ್ ನಡೆಯುವುದು ರಾಣಿಯ ಅಂಡಾಶಯದಲ್ಲಿ. ರಾಣಿ ಹಲವು ಗಂಡುಗಳೊಡನೆ ಕೂಡುವುದರಿಂದ ಒಂದೇ ಪೆಟ್ಟಿಗೆಯಲ್ಲಿ ಹಲವು ತಂದೆಯರ ಮಕ್ಕಳಿರುತ್ತಾರೆ. ತಂದೆಯಿಲ್ಲದೆ ಗಂಡು ಹುಟ್ಟುತ್ತದೆ ಎಂದು 1845ರಲ್ಲೇ ಹೇಳಿದವರು ಜೇನು ಸಾಕುತ್ತಿದ್ದ ಜಿಯೆರ್ಜೋನ್ ಎಂಬ ಪಾದ್ರಿ. ನಮ್ಮ ಕಸುಬಿನವರೊಬ್ಬರು ಇದನ್ನು ಮೊದಲು ಕಂಡರೆಂಬ ಹೆಮ್ಮೆ ನನಗಿದೆ.

ರಿಪ್ಪನ್‌ಪೇಟೆ ಕಸಿಕಾರ:

ಅಪ್ಪೆಮಿಡಿಯಲ್ಲಿ ನಾವು ಕಸಿಯನ್ನೇ ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ. ಹೊಳೆಬದಿಯ ಒಂದು ಮರದ ಮಿಡಿಗೆ ಒಂದು ಪರಿಮಳ, ಅದರ ಓಟೆ ಹಾಕಿ ಬೆಳೆಸಿದ ಮರಕ್ಕೆ ಆ ಪರಿಮಳವೇ ಇರುವುದಿಲ್ಲ. ಕೊಂಬೆ ತಂದು ಕಸಿ ಕಟ್ಟಿದರೆ ಅದು ಮೈಟಾಸಿಸ್‌ನ ಬೆಳವಣಿಗೆ, ಗುಣ ತಪ್ಪುವುದಿಲ್ಲ. ಕಾಳುಮೆಣಸಿನಲ್ಲೂ ಹೀಗೆಯೇ. ಕೇರಳದ ಪಣ್ಣಿಯೂರಿನಲ್ಲಿ ಉತ್ತಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ತಳಿಗಳನ್ನು ಕೂಡಿಸಿ ಬಂದ ಸಸಿಗಳಲ್ಲಿ ಆರಿಸಿದ್ದೇ ಪಣ್ಣಿಯೂರು-1. ಅದರ ಬಳ್ಳಿ ತುಂಡು ಮಾಡಿ ನೆಟ್ಟದ್ದೇ ನಮ್ಮ ಅಡಿಕೆ ಮರಗಳಿಗೆ ಹಬ್ಬಿದೆ. ಆ ಕೂಡಿಕೆಯ ಎರಡೂ ಕಡೆ ನಡೆದ ಮಿಯಾಸಿಸ್‌ನ ಫಲವನ್ನು ನಾವು ತುಂಡು ತುಂಡಾಗಿ ಉಳಿಸಿಕೊಂಡಿದ್ದೇವೆ ಎಂದೇ ನಾನು ತಿಳಿಯುತ್ತೇನೆ.

ಆದರೆ ಮಾವಿನಲ್ಲಿ ಒಂದು ವಿಚಿತ್ರವಿದೆ. ಕರಾವಳಿಯ ಓಲೂರು, ಬಪ್ಪಕಾಯಿ ಮುಂತಾದ ತಳಿಗಳಲ್ಲಿ ಒಂದು ಓಟೆಯಿಂದ ಹಲವು ಮೊಳಕೆಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದಂತೆಯೇ ಇರುತ್ತವೆ. ಕಸಿಯ ಬೇರುಗಿಡಕ್ಕೆ ಇವನ್ನು ಇಷ್ಟಪಡುವುದೂ ಅದಕ್ಕೇ. ಬೀಜದಿಂದ ಬಂದೂ ತಾಯಿಯಂತಿರುವುದು ಹೇಗೆ ಮೇಡಂ?

ಸಾಗರದ ಜೀವಶಾಸ್ತ್ರ ಉಪನ್ಯಾಸಕಿ:

ಅಂಡಕದಲ್ಲಿ ಮಾತೃಕೋಶವನ್ನು ಸುತ್ತುವರಿದ ತಾಯಿಮರದ ಸಾಮಾನ್ಯ ಕೋಶಗಳಿರುತ್ತವೆ. ಈ ತಳಿಗಳಲ್ಲಿ ಅವೇ ಮೈಟಾಸಿಸ್‌ನಿಂದ ಬೆಳೆದು ಭ್ರೂಣಗಳಾಗುತ್ತವೆ. ಅವುಗಳಿಗೆ ಮಿಯಾಸಿಸ್ ಮುಟ್ಟಿಲ್ಲ, ಪರಾಗವೂ ಸೇರಿಲ್ಲ. ಅದೇ ಓಟೆಯಲ್ಲಿ ಅಂಡಾಣುವಿನಿಂದ ಬಂದ ಮೊಳಕೆಯೂ ಒಂದಿರಬಹುದು, ಅದು ಮಾತ್ರ ಬೇರೆಯಾಗಬಹುದು. ಬೇರುಗಿಡಕ್ಕೆ ಆರಿಸುವಾಗ ಉಳಿದವುಗಳಿಗಿಂತ ಭಿನ್ನವಾಗಿ ಕಾಣುವ ಸಸಿಯನ್ನು ನೀವು ತೆಗೆದುಹಾಕುವುದು ಇದೇ ಕಾರಣಕ್ಕೆ ಸರಿಯಾದ ಕ್ರಮ.

ಶಿವಮೊಗ್ಗದ ಅಮ್ಮ:

ಇಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು. ನನ್ನ ಮಗನಿಗೆ ಡೌನ್ ಸಿಂಡ್ರೋಮ್ ಇದೆ. ಅವನು ಹುಟ್ಟಿದಾಗ ವರ್ಣತಂತು ಹೆಚ್ಚಾಗಿದೆ ಎಂದರು, ಅದಕ್ಕಿಂತ ಹೆಚ್ಚು ವಿವರಿಸಲು ಯಾರಿಗೂ ಸಮಯವಿರಲಿಲ್ಲ. ಗ್ರಹಣದ ದಿನ ಹೊರಗೆ ಹೋಗಿದ್ದೆ ಎಂದು ಅತ್ತೆಯ ಮನೆಯವರು ಇಂದಿಗೂ ಹೇಳುತ್ತಾರೆ. ನೀವು ಹೇಳುತ್ತಿರುವ ಮಿಯಾಸಿಸ್‌ಗೂ ಇದಕ್ಕೂ ಸಂಬಂಧವಿದೆಯೇ?

ಪ್ರಸೂತಿ ತಜ್ಞೆ, ಶಿವಮೊಗ್ಗ:

ಖಂಡಿತ ಕೇಳಬಹುದು ತಂಗಿ. ಸಂಬಂಧವಿದೆ, ಮತ್ತು ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನೀವು ಹೊರಗೆ ಹೋದದ್ದರಿಂದ, ತಿಂದದ್ದರಿಂದ, ಕೆಲಸ ಮಾಡಿದ್ದರಿಂದ ಹೀಗಾಗಲಿಲ್ಲ.

ಮನುಷ್ಯರ ಕೋಶದಲ್ಲಿ 46 ವರ್ಣತಂತುಗಳು, ಅಂದರೆ 23 ಜೊತೆ. ಅಂಡಾಣು ಆಗುವಾಗ ಪ್ರತಿ ಜೊತೆಯಿಂದ ಒಂದು ಮಾತ್ರ ಉಳಿಯಬೇಕು. 21ನೇ ಜೊತೆ ಕೆಲವೊಮ್ಮೆ ಬೇರ್ಪಡದೆ ಎರಡೂ ಒಂದೇ ಕಡೆ ಹೋಗಿಬಿಡುತ್ತವೆ. ಆ ಅಂಡಾಣುವಿಗೆ ವೀರ್ಯಾಣುವಿನ ಒಂದು ಸೇರಿದಾಗ ಮಗುವಿನ ಕೋಶಗಳಲ್ಲಿ ಮೂರಾಗುತ್ತವೆ, ಒಟ್ಟು 47. ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ಸುಮಾರು 95 ಮಕ್ಕಳಿಗೆ ಕಾರಣ ಹೀಗೆ ಜೊತೆ ಬೇರ್ಪಡದಿರುವುದು. ಇದನ್ನು 1959ರಲ್ಲಿ ಪ್ಯಾರಿಸ್‌ನಲ್ಲಿ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು.

ಅಂಡಾಣುವಿನ ಕಡೆಯಿಂದ ಇದು ಹೆಚ್ಚು ಆಗಲು ಕಾರಣ ಕಾಲ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಪ್ರಾಥಮಿಕ ಊಸೈಟ್‌ಗಳು ಮಿಯಾಸಿಸ್ ಆರಂಭಿಸಿ, ಜೊತೆಗಳು ಅಂಟಿಕೊಂಡ ಮೊದಲ ಹಂತದಲ್ಲೇ ನಿಲ್ಲುತ್ತವೆ. ಐದನೆಯ ತಿಂಗಳ ಹೊತ್ತಿಗೆ ಅವು 60-70 ಲಕ್ಷ. ಹುಟ್ಟುವಾಗ 10-20 ಲಕ್ಷ. ಋತುಮತಿಯಾಗುವ ವೇಳೆಗೆ 3-4 ಲಕ್ಷ. ಜೀವಮಾನದಲ್ಲಿ ಬಿಡುಗಡೆಯಾಗುವುದು ಸುಮಾರು 400. ಪ್ರತಿ ತಿಂಗಳು ಬಿಡುಗಡೆಯ ಮುನ್ನ ಮೊದಲ ವಿಭಜನೆ ಮುಗಿಯುತ್ತದೆ; ಎರಡನೆಯದು ಮುಗಿಯುವುದು ವೀರ್ಯಾಣು ಒಳಹೊಕ್ಕ ಮೇಲೆ. ಎರಡೂ ಬಾರಿ ಕೋಶದ ತಿರುಳೆಲ್ಲ ಒಂದೇ ಕಡೆ ಉಳಿದು, ಇನ್ನೊಂದು ಪುಟ್ಟ ಧ್ರುವಕಾಯವಾಗಿ ಹೊರಬೀಳುತ್ತದೆ. ಅಂದರೆ 30 ವರ್ಷದ ಮಹಿಳೆಯ ಊಸೈಟ್ ಆ ಸ್ಥಿತಿಯಲ್ಲಿ 30 ವರ್ಷಕ್ಕೂ ಮೀರಿ ಕಾದಿರುತ್ತದೆ. ವರ್ಣತಂತುಗಳನ್ನು ಹಿಡಿದಿಡುವ ಪ್ರೋಟೀನುಗಳು ಅಷ್ಟು ಕಾಲದಲ್ಲಿ ಸಡಿಲವಾಗುತ್ತವೆ. ಗಂಡಸರಲ್ಲಿ ಈ ಕೆಲಸ ಪ್ರಾಯಕ್ಕೆ ಬಂದ ಮೇಲೆ ಆರಂಭವಾಗಿ, ಒಂದು ಸುತ್ತಿಗೆ ಎರಡರಿಂದ ಎರಡೂವರೆ ತಿಂಗಳು ಹಿಡಿಯುತ್ತದೆ.

ವಯಸ್ಸಿನೊಡನೆ ಸಾಧ್ಯತೆ ಏರುವುದು ನಿಜ. ಆದರೆ ಹೆರಿಗೆಗಳೇ ಚಿಕ್ಕ ವಯಸ್ಸಿನಲ್ಲಿ ಹೆಚ್ಚಾಗಿರುವುದರಿಂದ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು 35 ದಾಟಿದವರಲ್ಲ. ಇದು ಯಾರ ಕೋಶದಲ್ಲೂ ಆಗಬಹುದಾದದ್ದು. ಮಗನ ವರ್ಣತಂತು ಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ. ಕೆಲವೇ ಮಕ್ಕಳಲ್ಲಿ 21ರ ಒಂದು ಭಾಗ ಬೇರೆ ವರ್ಣತಂತುವಿಗೆ ಅಂಟಿರುತ್ತದೆ. ಅಂಥ ಸಂದರ್ಭದಲ್ಲಿ ತಂದೆ ತಾಯಿಯರನ್ನೂ ಪರೀಕ್ಷಿಸಬೇಕಾಗುತ್ತದೆ. ಮುಂದೆ ಇನ್ನೊಂದು ಮಗುವಿನ ಯೋಚನೆಯಿದ್ದರೆ ಆ ವರದಿ ಹಿಡಿದು ತಳಿವಿಜ್ಞಾನದ ಸಲಹೆ ಪಡೆಯಿರಿ.

ಶಿವಮೊಗ್ಗದ ಅಮ್ಮ:

ಡಾಕ್ಟರಮ್ಮ, ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ. ವರದಿ ಇದೆ, ಇಂದೇ ಹುಡುಕುತ್ತೇನೆ.

ಆಗುಂಬೆಯ ಕಾಡುಸುತ್ತಾಟ:

ಸಂಖ್ಯೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಕಾಡಿನಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿ ಇದೆಯಲ್ಲ, ಸಸ್ತನಿಗಳಲ್ಲೇ ಅತಿ ಕಡಿಮೆ ವರ್ಣತಂತುಗಳಿರುವುದು ಅದಕ್ಕೆ. ಹೆಣ್ಣಿಗೆ 6, ಗಂಡಿಗೆ 7. ಇದು 1970ರಲ್ಲಿ ತಿಳಿಯಿತು. ಅದರದೇ ಹತ್ತಿರದ ಬಂಧುವಾದ ಚೀನಾದ ಕಾಡುಕುರಿಗೆ 46. ಇನ್ನೊಂದು ತುದಿಯಲ್ಲಿ ಓಫಿಯೋಗ್ಲೋಸಮ್ ರೆಟಿಕುಲೇಟಮ್ ಎಂಬ ಪುಟ್ಟ ಜರೀಗಿಡದ ಒಂದು ಕೋಶದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು. ಬೀಜಕ ಮಾತೃಕೋಶದಲ್ಲಿ ಅಷ್ಟೂ ತಮ್ಮ ಜೊತೆಯನ್ನು ಹುಡುಕಿಕೊಂಡು ನಿಲ್ಲಬೇಕು. ಹಾಗಾದರೆ ಕಾಡುಕುರಿಯ ಮರಿಗಳಲ್ಲಿ ವೈವಿಧ್ಯ ಕಡಿಮೆಯೇ?

ಸಾಗರದ ಜೀವಶಾಸ್ತ್ರ ಉಪನ್ಯಾಸಕಿ:

ಹೆಣ್ಣು ಕಾಡುಕುರಿಯ ಮೂರು ಜೊತೆಗಳು ಇಡಿಯಾಗಿ ಹಂಚಿಹೋದರೆ ಜೋಡಣೆಗಳು ಎಂಟೇ. ಆದರೆ ಆ ವರ್ಣತಂತುಗಳು ಬಹಳ ಉದ್ದ, ತುಂಡುಗಳ ಅದಲುಬದಲು ಅವುಗಳ ಉದ್ದಕ್ಕೂ ನಡೆಯುತ್ತದೆ. ಆದ್ದರಿಂದ ಎರಡು ಮರಿಗಳು ಒಂದೇ ತರಹ ಆಗುವ ಪ್ರಮೇಯವಿಲ್ಲ. ಬರೀ ಜೊತೆಗಳ ಹಂಚಿಕೆಯ ಲೆಕ್ಕ ಹೇಳಿ ಪಾಠ ಮುಗಿಸುವವರು ಅದಲುಬದಲನ್ನು ಹಿಂದೆ ಬಿಟ್ಟುಬಿಡುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ಜೊತೆಗಳು ಸರಿಯಾಗಿ ಬೇರ್ಪಡುವುದಕ್ಕೂ ಆ ಬೆಸುಗೆಗಳೇ ಆಧಾರ. ವೈದ್ಯರು ಹೇಳಿದ 21ನೇ ಜೊತೆಯಲ್ಲೂ ಬೆಸುಗೆ ಇಲ್ಲದಿದ್ದಾಗ ಅಥವಾ ತಪ್ಪು ಜಾಗದಲ್ಲಿದ್ದಾಗ ತೊಂದರೆ ಹೆಚ್ಚು.

ಹೊಸನಗರದ ತೋಟಿಗ:

ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಹೈಬ್ರಿಡ್ ಬೇಕಾದಷ್ಟನ್ನು ಸಂಶೋಧನಾ ಕೇಂದ್ರದಿಂದಲೇ ತರುತ್ತೇನೆ. ಮಡಿಯಲ್ಲಿರುವ ಸಸಿಗಳನ್ನು ಏನು ಮಾಡಲಿ? ಮಗಳ ಪ್ರಶ್ನೆ ಬೇರೆ ಇದೆ: ನಾವು ಜಗಿಯುವ ಅಡಿಕೆಯಲ್ಲಿ ವರ್ಣತಂತು 16 ಇರುತ್ತದೆಯೋ 32 ಇರುತ್ತದೆಯೋ?

ಸಾಗರದ ಜೀವಶಾಸ್ತ್ರ ಉಪನ್ಯಾಸಕಿ:

ಮಗಳ ಪ್ರಶ್ನೆಗೆ ಉತ್ತರ 48. ಪರಾಗನಳಿಕೆ ಎರಡು ಗಂಡು ಲಿಂಗಾಣುಗಳನ್ನು ತರುತ್ತದೆ. ಒಂದು ಅಂಡಾಣುವಿನೊಡನೆ ಕೂಡಿ 32 ವರ್ಣತಂತುಗಳ ಭ್ರೂಣವಾಗುತ್ತದೆ. ಇನ್ನೊಂದು ಭ್ರೂಣಚೀಲದ ನಡುವಿನ ಎರಡು ನ್ಯೂಕ್ಲಿಯಸ್‌ಗಳೊಡನೆ ಕೂಡಿ 16ರ ಮೂರು ಪಾಲು, ಅಂದರೆ 48 ಇರುವ ಭ್ರೂಣಾಹಾರವಾಗುತ್ತದೆ. ನಾವು ಜಗಿಯುವುದು ಮೊಳಕೆಗೆಂದು ಕಟ್ಟಿಟ್ಟ ಆ ಬುತ್ತಿಯನ್ನು.

ಸಸಿಗಳ ವಿಷಯ ನರ್ಸರಿಯವರು ಹೇಳಲಿ.

ತೀರ್ಥಹಳ್ಳಿ ನರ್ಸರಿ:

ಆ ಸಸಿಗಳನ್ನು ಮುಖ್ಯ ತೋಟಕ್ಕೆ ಹಾಕಬೇಡಿ ಅಣ್ಣ. ಖಾಲಿ ಜಾಗವಿದ್ದರೆ ಗಟ್ಟಿಮುಟ್ಟಾದ ಕೆಲವನ್ನು ಪ್ರತ್ಯೇಕವಾಗಿ ನೆಟ್ಟು ನೋಡಿ. ಉಳಿದ ತೋಟಕ್ಕೆ ನಾಟಿ ತಳಿಯಲ್ಲಿ ವರ್ಷ ವರ್ಷವೂ ತಪ್ಪದೆ ಫಸಲು ಕೊಡುವ, ಗೆಣ್ಣು ಹತ್ತಿರವಿರುವ ಮರಗಳನ್ನು ಗುರುತು ಮಾಡಿ ಬೀಜ ಆರಿಸಿ. ಅಲ್ಲೂ ವ್ಯತ್ಯಾಸ ಬರುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಸಸಿ ಎಬ್ಬಿಸಿ, ಮಡಿಯಲ್ಲೇ ಸೋಸಿ ನೆಡಿ.

ಭದ್ರಾವತಿ ದ್ವಿತೀಯ ಪಿಯುಸಿ:

ಮೇಡಂ, ಮಿಯಾಸಿಸ್ ಅನ್ನು ಕಣ್ಣಾರೆ ನೋಡಬೇಕು. ಅಡಿಕೆ ಹಿಂಗಾರ ತಂದರೆ ಆಗುತ್ತದೆಯೇ?

ಸಾಗರದ ಜೀವಶಾಸ್ತ್ರ ಉಪನ್ಯಾಸಕಿ:

ಒಡೆದ ಹಿಂಗಾರದಲ್ಲಿ ಪರಾಗ ಸಿದ್ಧವಾಗಿರುತ್ತದೆ, ಮಿಯಾಸಿಸ್ ಎಂದೋ ಮುಗಿದಿರುತ್ತದೆ. ಹೊಂಬಾಳೆ ಮುಚ್ಚಿರುವಾಗ ಸೀಳಿದರೆ ಒಂದು ಕೊನೆಯೇ ಹಾಳು. ಈರುಳ್ಳಿಯ ಹೂಗೊಂಚಲು ತನ್ನಿ. ತೀರಾ ಚಿಕ್ಕ ಮೊಗ್ಗುಗಳನ್ನು ಬೆಳಿಗ್ಗೆಯೇ ಕಿತ್ತು, ಮೂರು ಪಾಲು ಆಲ್ಕೊಹಾಲಿಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಹಾಕಿಡಿ. ಪ್ರಯೋಗಾಲಯದಲ್ಲಿ ಒಂದು ಪರಾಗಕೋಶ ಬಿಡಿಸಿ, ವರ್ಣತಂತುಗಳಿಗೆ ಬಣ್ಣ ಹಿಡಿಸುವ ಅಸಿಟೊಕಾರ್ಮೈನ್ ಹನಿಸಿ ಮೆಲ್ಲಗೆ ಒತ್ತಿ ನೋಡಿ. ಈರುಳ್ಳಿಗೆ 16 ವರ್ಣತಂತು, ಎಂಟು ಜೊತೆಗಳು ಕಾಣಬೇಕು. ಮೊಗ್ಗು ದೊಡ್ಡದಿದ್ದರೆ ನಾಲ್ಕು ನಾಲ್ಕರ ಗುಂಪುಗಳೋ ಪರಾಗದ ಕಣಗಳೋ ಸಿಗುತ್ತವೆ. ಆಗ ಅದಕ್ಕಿಂತ ಚಿಕ್ಕ ಮೊಗ್ಗಿಗೆ ಹೋಗಿ. ಎಲೆಯ ಅಡಿ ನೇರಳೆ ಬಣ್ಣವಿರುವ ರಿಯೋ ಗಿಡ ಮನೆಯಂಗಳಗಳಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಅದನ್ನು ಮೊದಲು ಆರಿಸಬೇಡಿ. ಅದರ 12 ವರ್ಣತಂತುಗಳು ಜೊತೆ ಜೊತೆಯಾಗಿ ನಿಲ್ಲದೆ ತುದಿಗೆ ತುದಿ ಸೇರಿ ಬಳೆಯಾಗುತ್ತವೆ. ಎಂಟು ಜೊತೆಗಳನ್ನು ಗುರುತಿಸಲು ಬಂದ ಮೇಲೆ ಆ ಬಳೆಯನ್ನು ನೋಡಿ, ಬಹಳ ಚೆನ್ನಾಗಿರುತ್ತದೆ.